ಹಳೆಯ ಕಾರು, ಬೇರೆ ಎದೆ

ಕಾರಿನ ವಿಷಯ ಬರೆಯಲು ನನಗೆ ಯಾವ ಅರ್ಹತೆಯೂ ಇಲ್ಲ. ತಿಪಟೂರಿನಲ್ಲಿ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಮೂವತ್ತು ವರ್ಷ ನಡೆದುಕೊಂಡೇ ಓಡಾಡಿದವಳು ನಾನು. ಜೋರು ಮಳೆಯಾದರೆ ಆಟೋ, ಮದುವೆ ಮುಂಜಿಗಾದರೆ ಬಾಡಿಗೆ ಕಾರು. ಅದರಲ್ಲೂ ಹಿಂದಿನ ಸೀಟಿನಲ್ಲಿ ಕುಳಿತು, ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು, ರೇಷ್ಮೆ ಸೀರೆ ಮುದುಡದ ಹಾಗೆ ನೋಡಿಕೊಳ್ಳುವುದಷ್ಟೇ ನನ್ನ ಪಾಲಿನ ಕೆಲಸ. ಬಾನೆಟ್ಟಿನ ಕೆಳಗೆ ಏನಿರುತ್ತದೆಂದು ಐವತ್ತೈದು ವರ್ಷದವರೆಗೆ ಇಣುಕಿಯೂ ನೋಡಿರಲಿಲ್ಲ. ಇಣುಕಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅದಕ್ಕೇ ಈ ಬರಹ.

2023ರ ಬೇಸಿಗೆ ರಜೆಯಲ್ಲಿ ಅಮೆರಿಕದ ಡೆನ್ವರ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆ. ನಮ್ಮ ಮನೆಯವರು ತೋಟ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದರು. ಚಟ್ನಿಪುಡಿ, ಹುಳಿಪುಡಿಗಳ ಪೊಟ್ಟಣ ಕಟ್ಟಿಕೊಂಡು ಒಬ್ಬಳೇ ಹೋದೆ. ಡೆನ್ವರ್ ಎಂದರೆ ಹಿಮದ ಬೆಟ್ಟಗಳ ಬುಡದ ಊರು. ಮಗರಾಯ ಮರುದಿನ ಬೆಳಿಗ್ಗೆಯೇ ‘ಬಾ ಅಮ್ಮ, ಒಂದು ತೋರಿಸ್ತೀನಿ’ ಎಂದಾಗ ಬೆಟ್ಟವನ್ನೇ ತೋರಿಸುತ್ತಾನೆಂದುಕೊಂಡು ಶಾಲು ಹೊದ್ದು ಹೊರಟೆ. ಅವನು ಕರೆದುಕೊಂಡು ಹೋದದ್ದು ಮನೆಗೇ ಅಂಟಿಕೊಂಡಿದ್ದ ಗ್ಯಾರೇಜಿಗೆ. ಅಲ್ಲಿ ಒಂದು ನೀಲಿ ಕಾರು ನಿಂತಿತ್ತು.

ಸುಬಾರು ಇಂಪ್ರೆಜಾ 2.5 ಆರ್‌ಎಸ್ ಎಂದು ಅದರ ಹೆಸರು. 2000ನೇ ಇಸವಿಯದು. ಎರಡೇ ಬಾಗಿಲು. ಇಂಥದಕ್ಕೆ ಕೂಪೆ ಎನ್ನುತ್ತಾರಂತೆ. ಸಾಮಾನ್ಯ ಕಾರುಗಳಲ್ಲಿ ಇಂಜಿನ್ನಿನ ಬಲ ಮುಂದಿನ ಎರಡು ಗಾಲಿಗೋ ಹಿಂದಿನ ಎರಡು ಗಾಲಿಗೋ ಹೋಗುತ್ತದೆ. ಇದರಲ್ಲಿ ನಾಲ್ಕಕ್ಕೂ ಹೋಗುತ್ತದೆ. ಹಿಮ ಬಿದ್ದ ರಸ್ತೆಯಲ್ಲಿ ಒಂದು ಗಾಲಿ ಜಾರಿದರೂ ಉಳಿದವು ಹಿಡಿದುಕೊಳ್ಳುತ್ತವೆ. ಎರಡು ಬೀದಿಯಾಚೆ ಇದ್ದ ಒಬ್ಬ ಹಿರಿಯ ಹೆಂಗಸು ಇದನ್ನು ಹೊಸದರಲ್ಲಿ ಕೊಂಡು, ಇಪ್ಪತ್ತು ವರ್ಷಕ್ಕೂ ಮೇಲೆ ಓಡಿಸಿದವರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರಂತೆ. ಹಿಮದ ರಾತ್ರಿಗಳಲ್ಲಿ ಪಾಳಿಯ ಕೆಲಸಕ್ಕೆ ಹೋಗಿಬರಲು ಇದೇ ಅವರ ಜೊತೆ. ಮಂಡಿ ನೋವಾಗಿ ಕ್ಲಚ್ ಒತ್ತಲು ಆಗದೆ ನನ್ನ ಮಗನಿಗೆ ಮಾರಿದರು. ಕೀಲಿಕೈ ಕೊಡುವಾಗ ‘ಚೆನ್ನಾಗಿ ನೋಡಿಕೋ’ ಎಂದಷ್ಟೇ ಹೇಳಿದರಂತೆ.

ಸುಬಾರು ಎಂದರೆ ಏನು ಗೊತ್ತೇ? ಜಪಾನಿ ಭಾಷೆಯಲ್ಲಿ ಕೃತ್ತಿಕಾ ನಕ್ಷತ್ರ. ಕಾರಿನ ಮೂತಿಯ ಮೇಲೆ ಆರು ಚುಕ್ಕಿಗಳ ಗುರುತು ಇರುತ್ತದೆ. 1953ರಲ್ಲಿ ಐದು ಕಂಪನಿಗಳು ಕೂಡಿ ಒಂದು ದೊಡ್ಡ ಕಂಪನಿಯಾದದ್ದಕ್ಕೆ ಐದು ಸಣ್ಣ ಚುಕ್ಕಿ, ಒಂದು ದೊಡ್ಡ ಚುಕ್ಕಿ. ನನಗೆ ಮಾತ್ರ ಆರು ಜನ ಕೃತ್ತಿಕೆಯರೂ ಅವರ ಹಾಲು ಕುಡಿದು ಬೆಳೆದ ಷಣ್ಮುಖನೂ ನೆನಪಾದರು. ಆರು ತಾಯಂದಿರ ಮಗು ಯಾರ ಮಗು? ಆ ಪ್ರಶ್ನೆ ಆಗ ಸುಮ್ಮನೆ ಬಂದು ಹೋಯಿತು. ಮುಂದಿನ ಆರು ವಾರ ಅದು ನನ್ನನ್ನು ಬಿಡಲಿಲ್ಲ.

ಏಕೆಂದರೆ ಮಗ ಆ ಕಾರಿನ ಇಂಜಿನ್ ಕಿತ್ತು ಬೇರೆ ಇಂಜಿನ್ ಹಾಕುವವನಿದ್ದ.

‘ಕೆಟ್ಟು ಹೋಗಿದೆಯೇನೋ?’ ಎಂದು ಕೇಳಿದೆ.

‘ಇಲ್ಲಮ್ಮ, ಚೆನ್ನಾಗೇ ಓಡ್ತಿದೆ.’

‘ಮತ್ತೆ?’

ಈ ‘ಮತ್ತೆ’ಗೆ ಉತ್ತರವಾಗಿ ಅವನು ಬಾನೆಟ್ಟಿನ ಮೇಲಿದ್ದ ಒಂದು ಉಬ್ಬನ್ನು ತೋರಿಸಿದ. ಮೂಗಿನ ಹೊಳ್ಳೆಯ ಹಾಗೆ ಮುಂದಕ್ಕೆ ಬಾಯಿ ತೆರೆದುಕೊಂಡಿದ್ದ ಗಾಳಿಗಂಡಿ. ‘ಇದು ಅಂದಕ್ಕೆ ಅಷ್ಟೇ ಅಮ್ಮ. ಒಳಗೆ ಇದಕ್ಕೆ ಕೆಲಸ ಇಲ್ಲ’ ಎಂದ.

ಅದರ ಕಥೆ ಹೀಗೆ. ಜಪಾನಿನಲ್ಲಿ 1992ರಿಂದಲೇ ಇದೇ ಇಂಪ್ರೆಜಾದ ಬಲಶಾಲಿ ಅಣ್ಣ ಒಬ್ಬನಿದ್ದ, ಡಬ್ಲ್ಯುಆರ್‌ಎಕ್ಸ್ ಎಂದು. ಕಾಡು ಮೇಡು ಕೆಸರು ಹಿಮಗಳ ದಾರಿಯಲ್ಲಿ ನಡೆಯುವ ರ‍್ಯಾಲಿ ಪಂದ್ಯಗಳಲ್ಲಿ ಇಂಪ್ರೆಜಾ ಹೆಸರು ಮಾಡಿತು. 1995ರಲ್ಲಿ ಸ್ಕಾಟ್ಲೆಂಡಿನ ಕಾಲಿನ್ ಮೆಕ್ರೇ ಅದನ್ನೇ ಓಡಿಸಿ ವಿಶ್ವ ಚಾಂಪಿಯನ್ ಆದ. ಆದರೆ ಆ ಬಲಶಾಲಿ ಅಣ್ಣ ಅಮೆರಿಕಕ್ಕೆ ಬಂದದ್ದು 2002ರ ಮಾದರಿಯಾಗಿ. ಅದಕ್ಕೂ ಹೆಚ್ಚು ಬಲದ ಎಸ್‌ಟಿಐ ಬಂದದ್ದು 2004ರಲ್ಲಿ. ಅಲ್ಲಿಯವರೆಗೆ ಅಮೆರಿಕದವರಿಗೆ ಸಿಕ್ಕಿದ್ದು ಈ 2.5 ಆರ್‌ಎಸ್. ನೋಡಲು ಅಣ್ಣನ ಹಾಗೆಯೇ, ಗಾಳಿಗಂಡಿಯೂ ಇದೆ, ಒಳಗಿನ ಇಂಜಿನ್ ಮಾತ್ರ ಸಾಧು.

ಬಲದ ವ್ಯತ್ಯಾಸ ಎಲ್ಲಿಂದ ಬರುತ್ತದೆಂದು ಮಗ ನನಗೆ ತಿಳಿಸಿದ್ದನ್ನು ನಮ್ಮ ಅಡುಗೆಮನೆ ಭಾಷೆಯಲ್ಲಿ ಹೇಳುತ್ತೇನೆ. ಎರಡೂ ಇಂಜಿನ್ನುಗಳ ಹೊಟ್ಟೆ ಒಂದೇ ಅಳತೆ, 2,457 ಸಿಸಿ. ಹಳೆಯದರ ಬಲ 165 ಕುದುರೆ, ಎಸ್‌ಟಿಐನದು 300 ಕುದುರೆ. ಒಲೆ ಒಂದೇ, ಒಂದಕ್ಕೆ ಊದುಗೊಳವೆ ಇದೆ, ಇನ್ನೊಂದಕ್ಕೆ ಇಲ್ಲ. ಸೌದೆ ಒಲೆ ಊದಿದರೆ ಉರಿ ಭುಗ್ಗೆನ್ನುತ್ತದಲ್ಲ, ಹಾಗೆ. ಇಲ್ಲಿ ಊದುವುದು ಇಂಜಿನ್ನಿನದೇ ಹೊಗೆ. ಹೊರಗೆ ಹೋಗುವ ಹೊಗೆ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಅದಕ್ಕೆ ಟರ್ಬೊ ಎಂದು ಹೆಸರು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಗಾಳಿಯಿಂದ ಇಂಜಿನ್ನಿಗೆ ಅಪಾಯ. ಆದ್ದರಿಂದ ಅದನ್ನು ತಣ್ಣಗೆ ಮಾಡುವ ಜಾಲರಿಯೊಂದು ಇಂಜಿನ್ನಿನ ನೆತ್ತಿಯ ಮೇಲೆ ಕೂರುತ್ತದೆ. ಬಾನೆಟ್ಟಿನ ಗಾಳಿಗಂಡಿ ಇರುವುದೇ ಆ ಜಾಲರಿಗೆ ಗಾಳಿ ಬಡಿಯಲೆಂದು.

‘ನೋಡಮ್ಮ, ಇದರ ಮೂಗು ಇಪ್ಪತ್ತಮೂರು ವರ್ಷದಿಂದ ಕಾಯ್ತಾ ಇದೆ, ಉಸಿರಾಟ ಬರಲಿ ಅಂತ’ ಎಂದ ಮಗ. ಇಂಜಿನಿಯರಿಂಗ್ ಓದಿದವನ ಬಾಯಲ್ಲಿ ಕವಿತ್ವ ಕೇಳಿ ನಾನು ದಂಗಾದೆ. ಫೋನಿನಲ್ಲಿ ಇದನ್ನೆಲ್ಲ ನಮ್ಮ ಮನೆಯವರಿಗೆ ವರದಿ ಮಾಡಿದರೆ, ‘ಚೆನ್ನಾಗಿ ಉಳ್ತಿರೋ ಎತ್ತನ್ನ ಯಾರಾದರೂ ಸಂತೇಲಿ ಬಿಟ್ಟು ಬರ‍್ತಾರಾ? ದುಡ್ಡು ಹೆಚ್ಚಾಗಿದೆ ಅವನಿಗೆ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು.

ಇಂಜಿನ್ ಬದಲಿಸುವುದು ನಮಗೇನು ಹೊಸದಲ್ಲ. ಡೀಸೆಲ್ ಅಗ್ಗವೆಂದು ಪೆಟ್ರೋಲ್ ಅಂಬಾಸಿಡರುಗಳಿಗೂ ಪದ್ಮಿನಿ ಕಾರುಗಳಿಗೂ ಡೀಸೆಲ್ ಇಂಜಿನ್ ಕೂರಿಸಿ ಬಾಡಿಗೆಗೆ ಬಿಡುತ್ತಿದ್ದುದನ್ನು ನನ್ನ ವಯಸ್ಸಿನವರು ಕಂಡಿದ್ದೀರಿ. ಮೈಯೆಲ್ಲ ಗಡಗಡ ನಡುಗುತ್ತಿದ್ದ ಆ ಕಾರುಗಳಲ್ಲಿ ಎಷ್ಟೋ ಮದುಮಕ್ಕಳು ಗಂಡನ ಮನೆಗೆ ಹೋಗಿದ್ದಾರೆ. ಅದು ಹೊಟ್ಟೆಪಾಡು. ಯಾರೂ ತತ್ತ್ವದ ಪ್ರಶ್ನೆ ಎತ್ತಲಿಲ್ಲ. ಇಲ್ಲಿ ಮಗನಿಗೆ ಹೊಟ್ಟೆಪಾಡಿನ ನೆಪ ಇರಲಿಲ್ಲವಾದ್ದರಿಂದ ನನಗೆ ಪ್ರಶ್ನೆ ಎದ್ದಿತು: ಇಂಜಿನ್ ಬದಲಾದ ಮೇಲೂ ಇದು ಆ ನರ್ಸಮ್ಮನ ಕಾರೇ? ಅಥವಾ ಅವರ ಕಾರನ್ನು ಕೊಂದು, ಅದರ ಚರ್ಮ ಹೊದಿಸಿ, ಬೇರೆ ಯಾವುದನ್ನೋ ಓಡಿಸುತ್ತಾನೆಯೇ?

ಪ್ರಶ್ನೆ ಹಳೆಯದು. ಗ್ರೀಸಿನ ಅಥೆನ್ಸಿನವರು ವೀರ ಥೀಸಿಯಸ್‌ನ ಹಡಗನ್ನು ಕಾಪಾಡಿಕೊಂಡು ಬಂದಿದ್ದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ಹಲಗೆ ಕೊಳೆತಂತೆಲ್ಲ ಹೊಸ ಹಲಗೆ ಹಾಕಿದರು. ಎಲ್ಲ ಹಲಗೆಯೂ ಬದಲಾದ ಮೇಲೆ ಅದು ಅದೇ ಹಡಗೋ ಅಲ್ಲವೋ ಎಂದು ಅಲ್ಲಿನ ಪಂಡಿತರಿಗೆ ಜಗಳ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಹಾಬ್ಸ್ ಅದಕ್ಕೆ ಇನ್ನೊಂದು ಗಂಟು ಹಾಕಿದ: ತೆಗೆದೆಸೆದ ಹಳೆಯ ಹಲಗೆಗಳನ್ನೆಲ್ಲ ಯಾರಾದರೂ ಕೂಡಿಸಿಟ್ಟು ಇನ್ನೊಂದು ಹಡಗು ಕಟ್ಟಿದರೆ, ಎರಡರಲ್ಲಿ ನಿಜವಾದದ್ದು ಯಾವುದು? ನಮ್ಮಲ್ಲಿ ಇದಕ್ಕೂ ಬಹಳ ಹಿಂದೆ ಬೌದ್ಧ ಭಿಕ್ಷು ನಾಗಸೇನನು ಮಿಲಿಂದ ರಾಜನಿಗೆ ರಥದ ದೃಷ್ಟಾಂತ ಕೊಟ್ಟಿದ್ದಾನೆ. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ. ಎಲ್ಲ ಒಂದು ಕ್ರಮದಲ್ಲಿ ಸೇರಿದಾಗ ನಾವು ಇಟ್ಟುಕೊಂಡ ಹೆಸರು ರಥ, ಅಷ್ಟೇ.

ನಾಗಸೇನನ ಮಾತು ಬುದ್ಧಿಗೆ ಒಪ್ಪುತ್ತದೆ. ಆದರೆ ಇಪ್ಪತ್ತು ವರ್ಷ ಅದೇ ಸೀಟಿನಲ್ಲಿ ಕುಳಿತ ಹೆಂಗಸಿಗೆ ‘ಕಾರೆಂಬುದು ಬರೀ ಹೆಸರು ತಾಯಿ’ ಎಂದರೆ ಸಮಾಧಾನವಾದೀತೇ?

ಕನ್ನಡದ ನಮಗೆ ಇನ್ನೂ ಹತ್ತಿರದ್ದು ಗಿರೀಶ ಕಾರ್ನಾಡರ ‘ಹಯವದನ’. ಕಾಳಿಯ ಗುಡಿಯ ಕತ್ತಲಲ್ಲಿ ಪದ್ಮಿನಿ ಅವಸರದಿಂದ ಗಂಡನ ತಲೆಯನ್ನು ಗೆಳೆಯನ ಮೈಗೂ, ಗೆಳೆಯನ ತಲೆಯನ್ನು ಗಂಡನ ಮೈಗೂ ಜೋಡಿಸಿಬಿಡುತ್ತಾಳೆ. ಈಗ ಗಂಡ ಯಾರು? ಇದರ ಮೂಲವಾದ ಬೇತಾಳನ ಕಥೆಯಲ್ಲಿ ರಾಜನ ಉತ್ತರ ಸಲೀಸು: ಅಂಗಗಳಲ್ಲಿ ತಲೆ ಮುಖ್ಯ, ತಲೆ ಯಾರದೋ ಅವನೇ ಗಂಡ. ನಾಟಕದಲ್ಲಿ ಅಷ್ಟು ಸಲೀಸಾಗುವುದಿಲ್ಲ. ತಲೆ ಮೈಯನ್ನು ನಿಧಾನವಾಗಿ ತನ್ನ ಅಂಕೆಗೆ ತಂದುಕೊಂಡರೂ ಮೈಗೆ ತನ್ನದೇ ನೆನಪುಗಳಿವೆ, ಅವು ಸುಮ್ಮನಿರುವುದಿಲ್ಲ.

ಸರ್ಕಾರಗಳು ಈ ತೀರ್ಪನ್ನು ಬೇರೆ ಬೇರೆ ರೀತಿ ಕೊಟ್ಟಿವೆ. ಅಮೆರಿಕದಲ್ಲಿ ಕಾರಿನ ಗುರುತು ಅದರ ಮೈಮೇಲೆ ಕೆತ್ತಿದ ಹದಿನೇಳು ಅಕ್ಷರ ಅಂಕಿಗಳ ಸಂಖ್ಯೆ. ಇಂಜಿನ್ ಬದಲಾದರೂ ಕಾರು ಅದೇ ಕಾರು. ಅಂದರೆ ಮೈಯೇ ಮುಖ್ಯ. ಬೇತಾಳನ ರಾಜನಿಗೆ ಸೋಲು. ನಮ್ಮ ದೇಶದ ಆರ್.ಸಿ. ಪುಸ್ತಕದಲ್ಲಿ ಚಾಸಿಸ್ ನಂಬರೂ ಇರುತ್ತದೆ, ಇಂಜಿನ್ ನಂಬರೂ ಇರುತ್ತದೆ. ಮೈಯೂ ಬೇಕು, ಎದೆಯೂ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ನಮ್ಮೂರಲ್ಲಾಗಿದ್ದರೆ ಮಗನ ಈ ಆಟ ನಡೆಯುತ್ತಿರಲಿಲ್ಲ.

ಅಲ್ಲಿಯೂ ಪೂರ್ತಿ ಅಂಕೆ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಹಾಕುವ ಇಂಜಿನ್ ಕಾರಿನ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು, ಅದರ ಹೊಗೆ ಶುದ್ಧಿಯ ಸಾಮಗ್ರಿಯೆಲ್ಲ ಜೊತೆಗೇ ಬರಬೇಕು. ಡೆನ್ವರ್‌ನಲ್ಲೂ ಹೊಗೆ ಪರೀಕ್ಷೆ ಇದೆ. ಬದಲಾಯಿಸುವುದಾದರೆ ಬದಲಾಯಿಸು, ಹಿಂದಿಗಿಂತ ಹೊಲಸು ಮಾಡಬೇಡ ಎಂಬ ಈ ನಿಯಮ ನನಗೆ ಬಹಳ ಹಿಡಿಸಿತು. ಸೊಸೆಯರನ್ನು ತಿದ್ದಹೊರಡುವ ಅತ್ತೆಯರಿಗೂ ಇಂಥದೊಂದು ಪರೀಕ್ಷೆ ಇದ್ದಿದ್ದರೆ!

ಪಕ್ಕಕ್ಕೆ ಗುದ್ದಿಸಿಕೊಂಡು, ವಿಮೆಯವರು ಕೈಬಿಟ್ಟ 2004ರ ಎಸ್‌ಟಿಐ ಒಂದನ್ನು ಮಗ ಇಡಿಯಾಗಿ ಕೊಂಡು ತಂದಿದ್ದ. ಅದರ ಇಂಜಿನ್ ಆಗಲೇ ಹೊರಗೆ ಬಂದು ಮೂಲೆಯಲ್ಲಿ ಕುಳಿತಿತ್ತು. ನಾನು ಹೋದ ಎರಡನೆಯ ಶನಿವಾರ ನೀಲಿ ಕಾರಿನ ಸರದಿ. ಸ್ನೇಹಿತನೊಬ್ಬ ಬಂದ. ನಾನು ಇಬ್ಬರಿಗೂ ಉಪ್ಪಿಟ್ಟು ಮಾಡಿಕೊಟ್ಟು ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಬಿಚ್ಚಿದ ಒಂದೊಂದು ಬೋಲ್ಟನ್ನೂ ಪುಟ್ಟ ಚೀಲಗಳಲ್ಲಿ ಹಾಕಿ, ಎಲ್ಲಿಯದೆಂದು ಬರೆದು, ಸಾಲಾಗಿ ಜೋಡಿಸುತ್ತಿದ್ದ. ಹುಡುಗನಾಗಿದ್ದಾಗ ಸಾಕ್ಸ್ ಎಲ್ಲೆಂದು ತಿಳಿಯದವನು ಇವನೇನಾ ಎನಿಸಿತು. ಸಂಜೆ ಹೊತ್ತಿಗೆ ಸಣ್ಣ ಕ್ರೇನಿನ ಸರಪಣಿಯಲ್ಲಿ ಹಳೆಯ ಇಂಜಿನ್ ಮೇಲೆದ್ದಿತು. ಅಗಲವಾಗಿ, ಮಟ್ಟಸವಾಗಿ, ಎರಡು ಪಕ್ಕಕ್ಕೂ ಕೈ ಚಾಚಿದಂತೆ ಇತ್ತು. ಈ ಇಂಜಿನ್ನುಗಳಲ್ಲಿ ಪಿಸ್ಟನ್ನುಗಳು ನೆಟ್ಟಗೆ ಮೇಲೆ ಕೆಳಗೆ ಓಡುವುದಿಲ್ಲ. ಮಲಗಿಕೊಂಡು ಎಡಕ್ಕೂ ಬಲಕ್ಕೂ ಗುದ್ದುತ್ತವೆ. ಇಂಜಿನ್ ಹೋದ ಜಾಗ ಬಾವಿಯಂತೆ ಕಂಡಿತು. ನನಗೆ ತಡೆಯಲಾಗಲಿಲ್ಲ.

‘ಆ ಅಜ್ಜಿ ನಿನಗೆ ಕೊಟ್ಟ ಕಾರು ಇನ್ನು ಇದಲ್ಲ ಕಣೋ. ಅವರು ಚೆನ್ನಾಗಿ ನೋಡಿಕೋ ಅಂದರೇ ಹೊರತು ಎದೆ ಬಗೆದು ತೆಗಿ ಅನ್ನಲಿಲ್ಲ. ಅವರನ್ನ ಒಂದು ಮಾತು ಕೇಳಿದೆಯಾ?’

ಅವನು ತಲೆ ಎತ್ತಲಿಲ್ಲ. ಕೈಯ ಗ್ರೀಸ್ ಒರೆಸಿಕೊಳ್ಳುತ್ತಲೇ, ‘ಎಸ್ಸೆಸ್ಸೆಲ್ಸಿ ಆದಮೇಲೆ ನೀನೂ ಅಪ್ಪನೂ ಸೇರಿಕೊಂಡು ನನ್ನದನ್ನ ಕಿತ್ತು ಬೇರೇದು ಹಾಕಿದಿರಲ್ಲಮ್ಮ, ಆಗ ಯಾರನ್ನ ಕೇಳಿದಿರಿ?’ ಎಂದ. ಧ್ವನಿಯಲ್ಲಿ ಕೋಪವಿರಲಿಲ್ಲ. ಒಂದು ಕ್ಷಣ ಬಿಟ್ಟು, ‘ತಮಾಷೆಗೆ ಅಂದೆ. ಆ ಹತ್ತು ನಂಬರ್ ಸ್ಪ್ಯಾನರ್ ಕೊಡು’ ಎಂದ.

ನಾನು ಸ್ಪ್ಯಾನರ್ ಕೊಟ್ಟು ಒಳಗೆ ಹೋದೆ. ಆ ರಾತ್ರಿ ನಿದ್ದೆ ಬರಲಿಲ್ಲ.

2010ರಲ್ಲಿ ಅವನು ಪಾಲಿಟೆಕ್ನಿಕ್ಕಿನಿಂದ ಆಟೋಮೊಬೈಲ್ ಡಿಪ್ಲೊಮಾದ ಅರ್ಜಿ ತಂದು ದೇವರ ಮನೆಯಲ್ಲಿಟ್ಟಿದ್ದ. ದೇವರ ಮುಂದಿಟ್ಟರೆ ನಾನು ಬೇಡವೆನ್ನಲಾರೆನೆಂಬ ಲೆಕ್ಕವಿರಬೇಕು. ಶೇಕಡಾ 93 ತೆಗೆದ ಟೀಚರ ಮಗ ಗ್ಯಾರೇಜು ಸೇರುವುದೇ? ನಾನೇ ನನ್ನ ಕೈಯಿಂದ ಪಿಯುಸಿ ವಿಜ್ಞಾನದ ಅರ್ಜಿ ತುಂಬಿದೆ. ಅವನು ಸಹಿ ಮಾಡಿದ. ಆಮೇಲೆ ಕಂಪ್ಯೂಟರ್ ಇಂಜಿನಿಯರಿಂಗ್. ಎರಡನೆಯ ವರ್ಷ ನಾಲ್ಕು ವಿಷಯದಲ್ಲಿ ನಪಾಸಾಗಿ, ಮೂರು ತಿಂಗಳು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತ. ಊಟ ಬಾಗಿಲಲ್ಲೇ ತಣ್ಣಗಾಗುತ್ತಿತ್ತು. ‘ಸೋಮಾರಿತನ’ ಎಂದು ನಾನು ಬೈದೆ. ಅವನು ಹೇಗೋ ಎದ್ದ, ಪಾಸಾದ, ಅಮೆರಿಕಕ್ಕೆ ಬಂದ, ಕೈತುಂಬ ಸಂಬಳ. ಎಲ್ಲರೂ ‘ಮಗನನ್ನ ದಡ ಮುಟ್ಟಿಸಿದಿರಿ’ ಎಂದು ಹೊಗಳಿದರು. ನಾನೂ ಒಪ್ಪಿಕೊಂಡು ನಕ್ಕೆ.

ಅವನಾದರೂ ನನ್ನ ಮಗ. ಇನ್ನೊಬ್ಬಳು ನೆನಪಾದಳು, ನನ್ನ ವಿದ್ಯಾರ್ಥಿನಿ. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಪ್ರಬಂಧ ಬರೆಯೆಂದರೆ ಕಥೆ ಬರೆದುಕೊಂಡು ಬರುತ್ತಿದ್ದಳು, ಲೆಕ್ಕದಲ್ಲೂ ಜಾಣೆ. ‘ಈ ಹುಡುಗಿ ಡಾಕ್ಟರ್ ಆಗ್ತಾಳೆ, ವಿಜ್ಞಾನಕ್ಕೆ ಸೇರಿಸಿ’ ಎಂದು ಅವಳ ಅಪ್ಪನಿಗೆ ನಾನೇ ಹೋಗಿ ಹೇಳಿ ಒಪ್ಪಿಸಿದೆ. ಅವಳೊಳಗೆ ದೊಡ್ಡ ಆಸೆಯನ್ನು ಕೂರಿಸಿ ಬಂದೆ. ಆದರೆ ಅವಳ ಸುತ್ತ ಏನೂ ಬದಲಾಗಲಿಲ್ಲ. ಮನೆಯಲ್ಲಿ ಅದೇ ಬುಡ್ಡಿ ದೀಪ, ಬೆಳಗಾಗುವ ಮುಂಚೆ ಅದೇ ಕೊಟ್ಟಿಗೆ ಕೆಲಸ, ಸಂಜೆ ಅದೇ ಕೊನೆಯ ಬಸ್ಸು. ಪಿಯುಸಿಯ ಇಂಗ್ಲಿಷ್ ಪುಸ್ತಕಗಳು ಅವಳಿಗೆ ಹತ್ತಲಿಲ್ಲ. ನಪಾಸಾದಳು. ‘ಟೀಚರಮ್ಮ ಹೇಳಿದ್ದು ಸಾಕು’ ಎಂದು ಅಪ್ಪ ಮದುವೆ ಮಾಡಿದ. ನಾನು ಆ ಮದುವೆಗೆ ಹೋಗಿ ಉಡುಗೊರೆ ಕೊಟ್ಟು ಊಟ ಮಾಡಿಕೊಂಡು ಬಂದೆ.

ಮುಂದಿನ ವಾರಗಳಲ್ಲಿ ಗ್ಯಾರೇಜಿನಲ್ಲಿ ನಾನು ಬೇರೆ ಕಣ್ಣಿನಿಂದ ಕುಳಿತೆ. ಇಂಜಿನ್ ತೆಗೆದು ಇಂಜಿನ್ ಹಾಕಿದರೆ ಮುಗಿಯಿತೆಂದುಕೊಂಡಿದ್ದೆ. ಅದು ಕೆಲಸದ ಕಾಲು ಭಾಗವೂ ಅಲ್ಲ. ಮಗ ಮೊದಲು ಹಾಕಿದ್ದು ಬ್ರೇಕುಗಳನ್ನು. ‘ಓಡೋದು ಆಮೇಲೆ, ನಿಲ್ಲೋದು ಮೊದಲು ಅಮ್ಮ. 165 ಕುದುರೆ ನಿಲ್ಲಿಸೋ ಬ್ರೇಕು 300ನ್ನ ನಂಬಿಕೊಂಡು ಹೋಗೋಕಾಗಲ್ಲ.’ ಎಸ್‌ಟಿಐನ ದೊಡ್ಡ ಬ್ರೇಕು ಹಾಕಿದರೆ ಹಳೆಯ ಗಾಲಿ ಅದರ ಮೇಲೆ ಕೂರುವುದಿಲ್ಲ. ಆದ್ದರಿಂದ ಹದಿನೇಳು ಇಂಚಿನ ಗಾಲಿ. ಬಲ ಹೆಚ್ಚಾದದ್ದಕ್ಕೆ ಗಟ್ಟಿ ಕ್ಲಚ್, ಆರು ಗೇರಿನ ಪೆಟ್ಟಿಗೆ. ಹೆಚ್ಚು ಉರಿಗೆ ಹೆಚ್ಚು ಎಣ್ಣೆ ಬೇಕು. ಟ್ಯಾಂಕಿನೊಳಗಿನ ಹಳೆಯ ಪಂಪ್ ತೆಗೆದು ದೊಡ್ಡದು. ಹೆಚ್ಚು ಶಾಖಕ್ಕೆ ದೊಡ್ಡ ರೇಡಿಯೇಟರ್. ಎರಡು ಕಾರುಗಳ ತಂತಿಗಳನ್ನು ಹೆಣೆದು ಒಂದು ಮಾಡುವುದು ಎಲ್ಲಕ್ಕಿಂತ ಕಷ್ಟ. ಅದನ್ನೇ ಕಸುಬು ಮಾಡಿಕೊಂಡವರೊಬ್ಬರಿಗೆ ಮೊದಲೇ ಅಂಚೆಯಲ್ಲಿ ಕಳಿಸಿ ಮಾಡಿಸಿ ತರಿಸಿದ್ದ.

ನನಗೆ ಬಹಳ ನಾಟಿದ್ದು ಹಿಂದಿನ ಗಾಲಿಗಳ ವಿಷಯ. ನಾಲ್ಕು ಗಾಲಿಗೂ ಬಲ ಹೋಗುವ ಕಾರಿನಲ್ಲಿ ಮುಂದೆ ಒಂದು, ಹಿಂದೆ ಒಂದು ಹಲ್ಲುಚಕ್ರದ ಜೋಡಿ ಇರುತ್ತದೆ. ಹಳೆಯ ಕಾರಿನಲ್ಲಿ ಇವುಗಳ ಲೆಕ್ಕ 4.11, ಹೊಸ ಗೇರುಪೆಟ್ಟಿಗೆಯದು 3.90. ಮುಂದಿನದನ್ನು ಮಾತ್ರ ಬದಲಿಸಿ ಹಿಂದಿನದನ್ನು ಹಾಗೇ ಬಿಟ್ಟರೆ ಮುಂದಿನ ಗಾಲಿ ಒಂದು ಲೆಕ್ಕದಲ್ಲಿ, ಹಿಂದಿನ ಗಾಲಿ ಇನ್ನೊಂದು ಲೆಕ್ಕದಲ್ಲಿ ತಿರುಗಹೊರಡುತ್ತವೆ. ಕಾರು ನಿಂತಲ್ಲೇ ಹಾಳಾಗುವುದಿಲ್ಲ. ಸ್ವಲ್ಪ ದೂರ ಓಡುತ್ತದೆ ಕೂಡ. ಅಷ್ಟರಲ್ಲಿ ನಡುವೆ ಇರುವ ಭಾಗ, ಎರಡನ್ನೂ ಸಂಭಾಳಿಸುವುದು, ಒದ್ದಾಡಿ ಕಾದು ಸುಟ್ಟುಹೋಗುತ್ತದೆ. ಈ ಜಾತಿಯ ಕಾರಿಗೆ ಒಂದು ಟೈರು ಸವೆದರೂ ನಾಲ್ಕನ್ನೂ ಒಟ್ಟಿಗೆ ನೋಡಿ ಬದಲಿಸಬೇಕಂತೆ. ಅದಕ್ಕೇ ಮಗ ಹಿಂದಿನ ಹಲ್ಲುಚಕ್ರದ ಪೆಟ್ಟಿಗೆಯನ್ನೂ ಎಸ್‌ಟಿಐನಿಂದಲೇ ಬಿಚ್ಚಿ ತಂದು ಹಾಕಿದ.

ಆ ಹುಡುಗಿಯ ಮನೆಯ ಬುಡ್ಡಿ ದೀಪ ನನ್ನ ಕಣ್ಣೆದುರು ಬಂದದ್ದು ಆಗ. ಅವಳಿಗೆ ನಾನು ಮುನ್ನೂರು ಕುದುರೆಯ ಆಸೆ ಹಾಕಿದೆ. ಮನೆ, ದೀಪ, ಬಸ್ಸು, ಭಾಷೆ ಯಾವುದರ ಲೆಕ್ಕವನ್ನೂ ಕೂಡಿಸಿ ನೋಡಲಿಲ್ಲ. ನಡುವೆ ಇದ್ದ ಅವಳು ಸುಟ್ಟುಹೋದಳು. ಮಗನಿಗೆ ಶಾಖ ಏರಿದಾಗ ಅದು ಹೋಗಲು ನಾವು ಯಾವ ದಾರಿಯನ್ನೂ ಮಾಡಿರಲಿಲ್ಲ. ಬಾಗಿಲು ಹಾಕಿಕೊಂಡದ್ದೇ ಅವನು ಕಂಡುಕೊಂಡ ಬ್ರೇಕು. ಅದನ್ನು ನಾನು ಸೋಮಾರಿತನ ಎಂದೆ.

ಹಾಗಾದರೆ ಬದಲಾಯಿಸುವುದೇ ತಪ್ಪೇ? ಹಾಗೆನ್ನಲು ನನಗೆ ಬಾಯಿ ಬರುವುದಿಲ್ಲ. ಬದಲಾಯಿಸದಿದ್ದರೆ ಶಾಲೆ ಏಕೆ ಬೇಕು, ಟೀಚರು ಏಕೆ ಬೇಕು? 1994ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ವೇಣುಗೋಪಾಲ್ ಒಬ್ಬರ ಹೃದಯವನ್ನು ಇನ್ನೊಬ್ಬರಿಗೆ ಕೂರಿಸಿದಾಗ ಬದುಕಿದ ರೋಗಿಯನ್ನು ಅವರ ಮನೆಯವರು ‘ನೀನು ಬೇರೆಯವನು’ ಎಂದು ಹೊರಗೆ ನಿಲ್ಲಿಸಿರಲಾರರು. ಅದೇ ಕಾರೋ ಬೇರೆ ಕಾರೋ ಎಂಬ ಪಂಡಿತರ ಪ್ರಶ್ನೆ ನನಗೆ ಬರುಬರುತ್ತ ಸಣ್ಣದಾಗಿ ಕಂಡಿತು. ಬದಲಾಯಿಸುವವನು ಎಷ್ಟರ ಹೊಣೆ ಹೊತ್ತ ಎಂಬುದು ದೊಡ್ಡ ಪ್ರಶ್ನೆ. ಹಾಕುವುದಕ್ಕೆ ಒಳಗೆ ಜಾಗವಿದೆಯೇ ಎಂದು ನೋಡಿದೆಯಾ? ಒಂದನ್ನು ಬದಲಿಸಿದ್ದಕ್ಕೆ ಉಳಿದದ್ದನ್ನು ಸರಿದೂಗಿಸಿದೆಯಾ? ತೆಗೆದದ್ದನ್ನು ಏನು ಮಾಡಿದೆ? ಇಷ್ಟು ಕಾರಿಗೆ. ಮಕ್ಕಳ ವಿಷಯದಲ್ಲಿ ಇನ್ನೊಂದಿದೆ, ಅದೇ ಮೊದಲನೆಯದು. ಕಾರಿಗೆ ಬಾಯಿಲ್ಲ. ಮಕ್ಕಳಿಗಿದೆ, ಕೇಳಿದರೆ ಹೇಳುತ್ತವೆ. ದೇವರ ಮುಂದೆ ಅರ್ಜಿ ಇಟ್ಟು ಕೂಡ ಹೇಳುತ್ತವೆ.

ನರ್ಸಮ್ಮನನ್ನು ಕೇಳಲೇಬೇಕೆಂದು ನಾನು ಹಟ ಹಿಡಿದೆ. ಮಾರಿದ ಮೇಲೆ ಅವರಿಗೆ ಹಕ್ಕಿಲ್ಲ, ನಿಜ. ಹಕ್ಕಿಲ್ಲದವರಿಗೂ ಒಂದು ಮಾತು ಹೇಳುವ ಸೌಜನ್ಯ ಇರುತ್ತದಲ್ಲ. ಒಂದು ಭಾನುವಾರ ಕೋಡುಬಳೆ ಕಟ್ಟಿಕೊಂಡು ಇಬ್ಬರೂ ಹೋದೆವು. ಮಗ ತಡವರಿಸುತ್ತ ವಿಷಯ ಹೇಳಿದ. ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ‘ಹಾಗಾದರೆ ಆ ಸದ್ದು ಇನ್ನು ಕೇಳುವುದಿಲ್ಲ’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ‘ಹಳೆಯ ಇಂಜಿನ್ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದರು. ಇಂಥದೇ ಕಾರಿನ ಇಂಜಿನ್ ಕಳೆದುಕೊಂಡ ಕಾಲೇಜು ಹುಡುಗನೊಬ್ಬನಿಗೆ ಕೊಡುವ ಮಾತಾಗಿತ್ತು. ಮಗ ಹೇಳಿದ. ‘ಅಂದರೆ ನನ್ನ ಕಾರು ಎರಡಾಯಿತು’ ಎಂದು ಅವರು ಕೋಡುಬಳೆ ಮುರಿದರು. ಹಾಬ್ಸ್ ಹಾಕಿದ ಗಂಟನ್ನು ಅವರು ಅಷ್ಟು ಹೊತ್ತಿನಲ್ಲಿ ಬಿಚ್ಚಿದರೋ, ಅಥವಾ ನಮ್ಮ ಮನಸ್ಸು ನೋಯದಿರಲೆಂದು ಹಾಗೆಂದರೋ ನಾನು ಹೇಳಲಾರೆ. ಬಾಗಿಲವರೆಗೆ ಬಂದವರು ಕಾರಿಲ್ಲದ ತಮ್ಮ ಗ್ಯಾರೇಜಿನ ಕಡೆ ಒಮ್ಮೆ ನೋಡಿದರು.

ನಾನು ಹೊರಡುವ ಮೂರು ದಿನ ಮುಂಚೆ ಇಂಜಿನ್ ಚಾಲೂ ಆಯಿತು. ಮೊದಲ ಸಲ ಕೆಮ್ಮಿ ನಿಂತಿತು. ಮೂರನೆಯ ಸಲಕ್ಕೆ ಹಿಡಿದುಕೊಂಡಿತು. ಮಗ ಬಾನೆಟ್ಟಿನ ಗಾಳಿಗಂಡಿಯ ಮೇಲೆ ಕೈಯಿಟ್ಟು ನಿಂತಿದ್ದ. ಮೂರು ತಿಂಗಳು ಬಾಗಿಲು ಹಾಕಿಕೊಂಡಿದ್ದ ಆ ಹುಡುಗನ ಮುಖದಲ್ಲಿ ಅಂಥ ಬೆಳಕನ್ನು ನಾನು ಹದಿಮೂರು ವರ್ಷದಲ್ಲಿ ನೋಡಿರಲಿಲ್ಲ. ತೆಗೆದೆನೆಂದು ನಾನು ತಿಳಿದಿದ್ದು ಅವನೊಳಗೆ ಎಲ್ಲಿಯೋ ಒಂದು ಮೂಲೆಯಲ್ಲಿ, ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಇಟ್ಟಿದ್ದು, ಉಳಿದೇ ಇತ್ತು. ‘ಅವತ್ತು ನಿನ್ನನ್ನ ಕೇಳಬೇಕಾಗಿತ್ತು ಕಣೋ’ ಎಂದೆ. ಇಂಜಿನ್ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ. ‘ಏನಮ್ಮ?’ ಎಂದ. ಇನ್ನೊಮ್ಮೆ ಜೋರಾಗಿ ಹೇಳಿದೆ. ಅವನು ಇಂಜಿನ್ ಆರಿಸಿ ಬಂದು, ಗ್ರೀಸ್ ಕೈ ತಗುಲದ ಹಾಗೆ ಮೊಣಕೈಯಿಂದ ನನ್ನ ಭುಜ ತಟ್ಟಿದ.

ಊರಿಗೆ ಬಂದ ಮೇಲೆ ಒಂದು ರವಿಕೆ ಹೊಲಿಸಲು ಹೋದೆ. ನನ್ನ ಆ ವಿದ್ಯಾರ್ಥಿನಿ ಈಗ ನಮ್ಮೂರ ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಹತ್ತು ವರ್ಷದಿಂದ ನನ್ನ ರವಿಕೆಗಳನ್ನು ಹೊಲಿಯುವವಳು ಅವಳೇ. ಅಳತೆ ಬಿಟ್ಟು ಬೇರೆ ಮಾತು ನಮ್ಮಲ್ಲಿ ನಡೆದದ್ದಿಲ್ಲ. ಅವತ್ತು ಕೇಳಿದೆ: ‘ಕಥೆ ಬರೀತಿದ್ದೆಯಲ್ಲಮ್ಮ, ಈಗಲೂ ಬರೀತೀಯಾ?’

ಅವಳು ಟೇಪನ್ನು ನನ್ನ ತೋಳಿಗೆ ಹಿಡಿದಿದ್ದವಳು ಹಾಗೆಯೇ ನಿಂತಳು. ಆಮೇಲೆ ಅಳತೆ ಬರೆದುಕೊಳ್ಳುತ್ತ, ತಲೆ ಎತ್ತದೆ ಹೇಳಿದಳು: ‘ಅದನ್ನ ಈಗ ಕೇಳ್ತೀರಾ ಮೇಡಂ?’